ಶಾಂತಾಳಿಗೆ ಇಷ್ಟೊಂದು ತೀರ್ಮಾನ ಯಾಕೆ?

ನಮಸ್ಕಾರ.

ನಿಮ್ಮ ಕಥೆ ‘ಎರಡು ಸಾಲು ತೆಂಗು’ ಓದಿದೆ, ಎರಡು ಸಲ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ತೊಡಕು ಹೆಚ್ಚಾಗಿ ಒಂದೇ ಪದದ್ದು: ತೀರ್ಮಾನ. 9 ಪುಟದಲ್ಲಿ 17 ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ.

ಮೊದಲ ಪುಟದಲ್ಲೇ ಶಾಂತಾ ಸಾರಿನ ರುಚಿ ನೋಡಿ ‘ಉಪ್ಪು ಕಡಿಮೆಯಾಗಿದೆ ಎಂದು ತೀರ್ಮಾನಿಸಿದಳು’. ಉಪ್ಪಿಗೂ ಪಂಚಾಯ್ತಿ ಸೇರಿಸಬೇಕಾ? ‘ಉಪ್ಪು ಸಾಲದು ಅನ್ನಿಸಿತು’ ಅಂದರೆ ಸಾಕಲ್ವಾ?

ತೀರ್ಮಾನದ ಒಳಗೆ ‘ತೀರು’ ಇದೆ. ಸಾಲ ತೀರುತ್ತದೆ, ಡಬ್ಬಿಯ ಅಕ್ಕಿ ತೀರುತ್ತದೆ, ಮನುಷ್ಯನೂ ಒಂದು ದಿನ ತೀರಿಕೊಳ್ಳುತ್ತಾನೆ. ಅಂದರೆ ಅಲ್ಲಿಯವರೆಗೆ ಏನೋ ಬಾಕಿ ಇದ್ದಿರಬೇಕು. ಹಾಗೋ ಹೀಗೋ ಅಂತ ತೂಗಿ ನೋಡಿರಬೇಕು. ಅನ್ನಿಸುವುದಕ್ಕೆ ಅದೆಲ್ಲ ಬೇಡ. ವ್ಯಾಕರಣದಲ್ಲೇ ಗೊತ್ತಾಗುತ್ತದೆ ನೋಡಿ: ತೀರ್ಮಾನಿಸುವುದು ‘ಅವಳು’, ಅನ್ನಿಸುವುದು ‘ಅವಳಿಗೆ’. ಒಂದು ಅವಳು ಮಾಡುವ ಕೆಲಸ. ಇನ್ನೊಂದು ಹಸಿವು, ನಿದ್ದೆ, ಸಿಟ್ಟಿನ ಹಾಗೆ ತಾನಾಗಿ ಬರುತ್ತದೆ.

ಇದು ಬರೀ ಪದದ ತಕರಾರಲ್ಲ. ಎರಡನೇ ಪುಟದಲ್ಲಿ ಶಾಂತಾ ‘ವಾರಗಿತ್ತಿ ಸ್ವಾರ್ಥಿ ಎಂದು ತೀರ್ಮಾನಿಸಿದಳು’. ಇನ್ನೂ 7 ಪುಟ ಬಾಕಿ ಇದೆ! ಅವಳ ಮನಸ್ಸಿನಲ್ಲಿ ವಿಷಯ ಮುಗಿದೇ ಹೋಯಿತು. ಹಾಗಾಗಿ ಆರನೇ ಪುಟದಲ್ಲಿ ಅದೇ ವಾರಗಿತ್ತಿ ಜ್ವರದಲ್ಲಿದ್ದ ಇವಳಿಗೆ ಕಾಫಿ ಲೋಟ ತಂದಿಟ್ಟು ಮಾತಾಡದೆ ಹೋಗುವಾಗ ನಮಗೆ ಏನೂ ಆಗುವುದಿಲ್ಲ. ಅಲ್ಲಿ ‘ಸ್ವಾರ್ಥಿ ಅನ್ನಿಸಿತು’ ಎಂದಷ್ಟೇ ಇದ್ದಿದ್ದರೆ ಆ ಲೋಟ ಚುಚ್ಚುತ್ತಿತ್ತು. ಅನ್ನಿಸಿದ್ದು ನಾಳೆ ಬೇರೆ ಥರ ಅನ್ನಿಸಬಹುದು.

‘ಮಲಗುವ ತೀರ್ಮಾನವನ್ನು ಕೈಗೊಂಡಳು’ ಅಂತಲೂ ಬರೆದಿದ್ದೀರಿ. ಕೈಗೊಳ್ಳುವುದನ್ನು ಸಚಿವ ಸಂಪುಟಕ್ಕೆ ಬಿಡಿ. ಹಾಗಂತ ಎಲ್ಲ ಕಡೆ ಸುಮ್ನೆ ‘ನಿರ್ಧರಿಸಿದಳು’ ಅಂತ ತುಂಬಬೇಡಿ. ತವರಿಗೆ ಹೋಗಲು ನಿರ್ಧರಿಸಬಹುದು, ಉಪ್ಪು ಕಡಿಮೆ ಅಂತ ನಿರ್ಧರಿಸುವುದು ಇನ್ನೂ ವಿಚಿತ್ರ.

ಇನ್ನು ಪಾಲಿನ ದಿನ. ‘ಹಿರಿಯರು ತೀರ್ಮಾನ ಕೊಟ್ಟರು’ ಎಂದಿದ್ದೀರಿ. ನಮ್ಮ ಕಡೆ ತೀರ್ಪು ಕೊಡುತ್ತಾರೆ, ತೀರ್ಮಾನ ಮಾಡುತ್ತಾರೆ. ತೀರ್ಪು ಮೂರನೆಯವರದು, ಒಪ್ಪಿದರೂ ಅಷ್ಟೆ, ಒಪ್ಪದಿದ್ದರೂ ಅಷ್ಟೆ. ಕಾವೇರಿ ವಿಷಯದಲ್ಲಿ 2007ರಲ್ಲಿ ನ್ಯಾಯಮಂಡಳಿ ಕೊಟ್ಟದ್ದು ಐತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು ತೀರ್ಪು. ರಾಜ್ಯಗಳೇ ಕೂತು ಬಗೆಹರಿಸಿಕೊಂಡಿದ್ದರೆ ಅದನ್ನು ತೀರ್ಮಾನ ಅನ್ನುತ್ತಿದ್ದೆವು. ನಿಮ್ಮ ಕಥೆಯಲ್ಲಿ ನಡೆದದ್ದು ಯಾವುದು? ಅಣ್ಣತಮ್ಮಂದಿರು ತಾವೇ ಒಪ್ಪಿಕೊಂಡರಾ, ಹಿರಿಯರ ಮಾತಿಗೆ ತಲೆತಗ್ಗಿಸಿ ಎದ್ದು ಹೋದರಾ? ಓದಿದ ಮೇಲೂ ನನಗೆ ಗೊತ್ತಾಗಲಿಲ್ಲ. ಇದನ್ನು ಮಾತ್ರ ನೀವು ಕೂತು ತೀರ್ಮಾನ ಮಾಡಲೇಬೇಕು.

ಮಕ್ಕಳು ಆಟಕ್ಕೆ ಅಂತ ತೆಂಗಿನ ಮರಗಳಿಗೆ ಸುಣ್ಣದ ಗುರುತು ಹಾಕುತ್ತಾರೆ, ಮಾರನೇ ದಿನ ದೊಡ್ಡವರು ಅದೇ ಗುರುತು ನೋಡಿ ಪಾಲು ಎಣಿಸುತ್ತಾರೆ. ಕಥೆ ಇರುವುದು ಅಲ್ಲಿ. ಅದನ್ನು ಮುಟ್ಟಬೇಡಿ. ಉಳಿದದ್ದನ್ನು ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.