ತೆಂಗಿನ ಮರದ ಕೆಳಗೊಮ್ಮೆ ನಿಂತು ನೋಡಿ, ಮೇಷ್ಟ್ರೇ

ಓದುಗರ ಪತ್ರ:

"ಕಳೆದ ಸಂಚಿಕೆಯಲ್ಲಿ ನಕ್ಷತ್ರಗಳ ಹುಟ್ಟಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಮೋಡ ಕುಗ್ಗಿ ನಕ್ಷತ್ರವಾಗಲು ಲಕ್ಷಾಂತರ ವರ್ಷ ಬೇಕು ಅಂತ ನೀವೇ ಬರೆಯುತ್ತೀರಿ. ಹಾಗಾದರೆ ಅದನ್ನು ಕಂಡವರು ಯಾರು? ನಾನು ಮೂವತ್ತೆರಡು ವರ್ಷ ಗಣಿತ ಪಾಠ ಮಾಡಿದವನು. ಸಾಧಿಸದ ಪ್ರಮೇಯವನ್ನು ನಿಜ ಅಂತ ಮಕ್ಕಳಿಗೆ ಹೇಳಿದವನಲ್ಲ. ಊಹೆಯನ್ನು ಊಹೆ ಅಂತಲೇ ಪ್ರಕಟಿಸಿ. ಅದೇ ನಾಲ್ಕು ಪುಟ ತೆಂಗಿನ ನುಸಿ ರೋಗಕ್ಕೆ ಕೊಟ್ಟಿದ್ದರೆ ನನ್ನಂಥವರಿಗೆ ಉಪಯೋಗವಾಗುತ್ತಿತ್ತು."
– ನಿವೃತ್ತ ಗಣಿತ ಶಿಕ್ಷಕರು, ತಿಪಟೂರು ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. "ಕಂಡವರು ಯಾರು" ಅಂತ ಕೇಳುವ ಓದುಗರು ಇರುವುದೇ ನನಗೆ ಸಂತೋಷ. ನುಸಿ ರೋಗದ ಲೇಖನ ಖಂಡಿತ ಬರುತ್ತದೆ, ಆ ಮಾತು ಸರಿ. ಆದರೆ ಇದನ್ನು ಊಹೆ ಅಂತ ಕರೆದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಒಪ್ಪದೇ ಇರಲು ಕಾರಣ ನಿಮ್ಮ ತೋಟದಲ್ಲೇ ಇದೆ.

ನಿಮ್ಮ ತೋಟಕ್ಕೆ ತೆಂಗನ್ನೇ ಕಾಣದ ಒಬ್ಬ ಮನುಷ್ಯ ಬರುತ್ತಾನೆ ಅಂದುಕೊಳ್ಳಿ. ಒಂದೇ ನಿಮಿಷ ನಿಂತು ಹೊರಟುಬಿಡಬೇಕು. ಹೊಂಬಾಳೆ ಕಾಯಿಯಾಗಲು ಸುಮಾರು ಒಂದು ವರ್ಷ ಬೇಕು. ಒಂದು ನಿಮಿಷದಲ್ಲಿ ಯಾವ ಕಾಯಿಯೂ ಬೆಳೆಯುವುದು ಕಾಣಿಸುವುದಿಲ್ಲ. ಆದರೂ ತಲೆ ಎತ್ತಿದರೆ ಒಂದೇ ಮರದಲ್ಲಿ ಎಲ್ಲ ಇದೆ. ನೆತ್ತಿಯಲ್ಲಿ ಇನ್ನೂ ಬಿಚ್ಚದ ಹೊಂಬಾಳೆ, ಅದರ ಕೆಳಗೆ ಹರಳು, ಇನ್ನೂ ಕೆಳಗೆ ಎಳನೀರು, ಎಲ್ಲಕ್ಕಿಂತ ಕೆಳಗೆ ಬಲಿತ ಕಾಯಿ. ಅವನಿಗೆ ಕಣ್ಣೂ ಬುದ್ಧಿಯೂ ಇದ್ದರೆ ಒಂದು ವರ್ಷದ ಕಥೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಅವನು ಕಂಡಿಲ್ಲ ಅಂತ ಹೇಳುತ್ತೀರಾ?

ಇದು ನನ್ನ ಸ್ವಂತ ಜಾಣತನವಲ್ಲ. ಖಗೋಳಜ್ಞ ವಿಲಿಯಂ ಹರ್ಷೆಲ್ 1789ರಲ್ಲೇ ಆಕಾಶವನ್ನು ಒಂದು ತೋಟಕ್ಕೆ ಹೋಲಿಸಿದ್ದ. ಮೊಳಕೆ, ಹೂವು, ಬಾಡಿದ ಗಿಡ ಎಲ್ಲ ಒಟ್ಟಿಗೇ ಕಾಣುವ ತೋಟ. ಅವನ ಹತ್ತಿರ ಇದ್ದದ್ದು ಟೆಲಿಸ್ಕೋಪು ಮತ್ತು ತಾಳ್ಮೆ. ನಮಗೆ ಈಗ ಅವನಿಗಿಂತ ಒಳ್ಳೆಯ ಕಣ್ಣು ಸಿಕ್ಕಿದೆ.

ಆಕಾಶದ ಆ ಮರವನ್ನು ನೋಡೋಣ. ಉರಗಧರ ನಕ್ಷತ್ರಪುಂಜದಲ್ಲಿ ಬರ್ನಾರ್ಡ್ 68 ಅಂತ ಒಂದು ಕಪ್ಪು ಉಂಡೆ ಇದೆ. ಅನಿಲ ಮತ್ತು ದೂಳಿನ ಮೋಡ ಅದು. ಸುಮಾರು ಅರ್ಧ ಜ್ಯೋತಿರ್ವರ್ಷ ಅಗಲ. ಒಳಗೆ ಸೊನ್ನೆಗಿಂತ 260 ಡಿಗ್ರಿ ಕೆಳಗಿನ ಚಳಿ. ಅದರೊಳಗೆ ಇನ್ನೂ ನಕ್ಷತ್ರವಿಲ್ಲ. ಇದು ಬಿಚ್ಚದ ಹೊಂಬಾಳೆ. ವೃಷಭದಲ್ಲಿ ಎಲ್1527 ಎಂಬ ಎಳೆ ನಕ್ಷತ್ರ ಇದೆ. 2022ರಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್ ಅದರ ಚಿತ್ರ ತೆಗೆಯಿತು. ಡಮರುಗದ ಆಕಾರದ ಬೆಳಕು, ನಡುವೆ ಒಂದು ಕಪ್ಪು ಗೆರೆ. ಆ ಗೆರೆಯೇ ನಕ್ಷತ್ರದ ಸುತ್ತ ತಿರುಗುವ ಅನಿಲ, ದೂಳಿನ ತಟ್ಟೆ, ಅಂಚಿನಿಂದ ಕಂಡದ್ದು. ಗ್ರಹಗಳು ಹುಟ್ಟುವುದು ಇಂಥ ತಟ್ಟೆಯಲ್ಲೇ. ವಯಸ್ಸು ಸುಮಾರು ಒಂದು ಲಕ್ಷ ವರ್ಷ. ಅದೇ ವೃಷಭದಲ್ಲಿ ಎಚ್‌ಎಲ್ ಟೌರಿ ಇದೆ, ಹತ್ತು ಲಕ್ಷ ವರ್ಷವೂ ತುಂಬದ ಮಗು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ 5,000 ಮೀಟರ್ ಎತ್ತರದಲ್ಲಿ ಆಲ್ಮಾ ಎಂಬ 66 ಆಂಟೆನಾಗಳ ಸಾಲಿದೆ. 2014ರಲ್ಲಿ ಅದು ಈ ನಕ್ಷತ್ರದ ಸುತ್ತಲಿನ ತಟ್ಟೆಯನ್ನು ತೋರಿಸಿತು. ಉಂಗುರದ ಹೊರಗೆ ಉಂಗುರ, ನಡುವೆ ಕಪ್ಪು ಸಂದು. ಆ ಚಿತ್ರ ಬಂದ ದಿನ ನಾನು ಊಟ ಮರೆತು ನೋಡುತ್ತಾ ಕೂತಿದ್ದೆ. ಇಷ್ಟು ಎಳೆ ವಯಸ್ಸಿನಲ್ಲೇ ತಟ್ಟೆ ಹೀಗೆ ಹೋಳಾಗಿರುತ್ತದೆ ಅಂತ ತಿಳಿದವರೂ ನಿರೀಕ್ಷಿಸಿರಲಿಲ್ಲ.

ಮುಂದಿನ ಗೊನೆ ಕಿನ್ನರ ಪುಂಜದ ಪಿಡಿಎಸ್ 70, ವಯಸ್ಸು ಸುಮಾರು 54 ಲಕ್ಷ ವರ್ಷ. ಅದರ ತಟ್ಟೆಯ ಖಾಲಿ ಜಾಗದಲ್ಲಿ ಇನ್ನೂ ಬೆಳೆಯುತ್ತಿರುವ ಗ್ರಹದ ಫೋಟೋ 2018ರಲ್ಲಿ ಸಿಕ್ಕಿತು. ಮರುವರ್ಷ ಇನ್ನೊಂದೂ ಸಿಕ್ಕಿತು. ಬೀಟಾ ಪಿಕ್ಟೋರಿಸ್‌ಗೆ ಸುಮಾರು ಎರಡು ಕೋಟಿ. ಅದರ ತಟ್ಟೆಯ ಫೋಟೋ 1984ರಲ್ಲೇ ಬಂದಿತ್ತು. ಕೃತ್ತಿಕೆಯ ಗುಂಪಿಗೆ ಹತ್ತು ಕೋಟಿ ದಾಟಿದೆ, ಅವರು ಮನೆ ಬಿಟ್ಟ ಮಕ್ಕಳು. ಎಲ್ಲ ಒಂದೇ ಮರದ ಗೊನೆಗಳು, ಮೇಷ್ಟ್ರೇ.

ಆದರೂ ನೀವು ಬಿಡುವುದಿಲ್ಲ ಅಂತ ಗೊತ್ತು. ಮರ ನಿಂತಲ್ಲೇ ನಿಂತಿದೆ, ಬೆಳೆದದ್ದನ್ನು ಕಂಡೆಯಾ ಅಂತ ಕೇಳುತ್ತೀರಿ. ಬೆಳೆದದ್ದನ್ನೂ ಕಂಡವರಿದ್ದಾರೆ. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಜೇ ಮೆಕ್‌ನೀಲ್ ಎಂಬ ಹವ್ಯಾಸಿ ಮೂರು ಇಂಚಿನ ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟಿ ಮಹಾವ್ಯಾಧ ಪುಂಜದ ಫೋಟೋ ತೆಗೆದರು. ಹಳೆಯ ಬಹುತೇಕ ಚಿತ್ರಗಳಲ್ಲಿ ಇಲ್ಲದ ಒಂದು ಬೆಳಕಿನ ಕಲೆ ಅದರಲ್ಲಿತ್ತು. ದೂಳಿನಲ್ಲಿ ಹೂತಿದ್ದ ಒಂದು ಎಳೆ ನಕ್ಷತ್ರ ಸುತ್ತಲಿನ ತಟ್ಟೆಯಿಂದ ಒಂದೇ ಸಲ ಜಾಸ್ತಿ ಅನಿಲವನ್ನು ಎಳೆದುಕೊಂಡು ಉಕ್ಕಿತ್ತು. ಅದು ಆಮೇಲೆ ಮಂಕಾಯಿತು, 2008ರಲ್ಲಿ ಮತ್ತೆ ಉಕ್ಕಿತು. ಅದನ್ನು ಹಿಂಬಾಲಿಸಿದವರಲ್ಲಿ ನಮ್ಮ ದೇಶದವರೂ ಇದ್ದರು. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಅವರು ಬಳಸಿದರು. ಆ ಟೆಲಿಸ್ಕೋಪನ್ನು ತಿರುಗಿಸುವುದು ಎಲ್ಲಿಂದ ಗೊತ್ತೇ? ನಮ್ಮ ಹೊಸಕೋಟೆಯಿಂದ. ರೇಷ್ಮೆ, ತರಕಾರಿ ಬೆಳೆಯುವ ಊರಿನ ಪಕ್ಕದ ಒಂದು ಕೋಣೆಯಲ್ಲಿ ಕೂತು, ಉಪಗ್ರಹದ ಮೂಲಕ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ 10.4 ಮೀಟರಿನ ಒಂದು ತಟ್ಟೆ ಟೆಲಿಸ್ಕೋಪೂ ಇತ್ತು. ಇಂಥ ಮೋಡಗಳ ಅನಿಲದಿಂದ ಬರುವ ಮಿಲಿಮೀಟರ್ ಅಲೆಗಳನ್ನು ಊರಿನ ನಡುವೆಯೇ ಹಿಡಿಯುತ್ತಿತ್ತು. ಈ ವಿಷಯ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಗಣಿತದವರು ಅಂತ ಇನ್ನೊಂದು ವಿಷಯ ನಿಮಗೇ ಹೇಳಬೇಕು. ಮೋಡ ಕುಗ್ಗಿ ಸೌರಮಂಡಲ ಆಯಿತು ಅಂತ ಜರ್ಮನಿಯ ತತ್ವಜ್ಞಾನಿ ಕಾಂಟ್ 1755ರಲ್ಲಿ ಹೇಳಿದ, ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1796ರಲ್ಲಿ ಹೇಳಿದ. ಅದು ಆಗ ನಿಜಕ್ಕೂ ಊಹೆಯೇ. ಅದಕ್ಕೆ ಪೆಟ್ಟು ಕೊಟ್ಟದ್ದು ಒಂದು ಲೆಕ್ಕ. ಕೈ ಕೈ ಹಿಡಿದು ಗಿರಗಿರ ತಿರುಗುವ ಹುಡುಗಿಯರು ಹತ್ತಿರ ಬಂದಷ್ಟೂ ಜೋರಾಗಿ ತಿರುಗುತ್ತಾರೆ, ಅಲ್ವಾ? ಮೋಡವೂ ಹಾಗೆಯೇ. ಹಾಗಾದರೆ ನಡುವಿನ ಸೂರ್ಯ ಬುಗುರಿಯ ಹಾಗೆ ತಿರುಗಬೇಕಿತ್ತು. ಅವನಿಗೆ ಒಂದು ಸುತ್ತಿಗೆ ಇಪ್ಪತ್ತೈದು ದಿನ ಬೇಕು. ಸೌರಮಂಡಲದ ತೂಕದಲ್ಲಿ ನೂರಕ್ಕೆ 99.8 ಭಾಗ ಅವನದು. ಆದರೆ ತಿರುಗುವಿಕೆಯ ಪಾಲು ಬಹುತೇಕ ಗ್ರಹಗಳದ್ದು, ಅದರಲ್ಲೂ ಗುರುವಿನದು. ಆ ತಿರುಗುವಿಕೆ ಸೂರ್ಯನಿಂದ ಎಲ್ಲಿಗೆ ಹೋಯಿತು? ಈ ಪ್ರಶ್ನೆ ಲಾಪ್ಲಾಸನ ಸಿದ್ಧಾಂತವನ್ನು ಬಹಳ ಕಾಲ ಮೂಲೆಗೆ ತಳ್ಳಿತ್ತು.

ಉತ್ತರದ ಒಂದು ತುಂಡು ಕಣ್ಣಿಗೇ ಕಾಣುತ್ತದೆ. ಎಳೆ ನಕ್ಷತ್ರಗಳು ಎರಡೂ ಕಡೆ ಅನಿಲದ ಚಿಲುಮೆ ಚಿಮ್ಮಿಸುತ್ತವೆ, ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ. ತಟ್ಟೆಯ ತಿರುಗುವಿಕೆಯಲ್ಲಿ ಒಂದು ಪಾಲನ್ನು ಕಾಂತಕ್ಷೇತ್ರದ ಹಿಡಿತದಲ್ಲಿ ಅವು ಹೊತ್ತೊಯ್ಯುತ್ತವೆ. ಹಬಲ್ ಟೆಲಿಸ್ಕೋಪ್ ಒಂದೇ ಚಿಲುಮೆಯ ಚಿತ್ರವನ್ನು ವರ್ಷಗಳ ಅಂತರದಲ್ಲಿ ತೆಗೆದಿದೆ. ಜೋಡಿಸಿ ಓಡಿಸಿದರೆ ಬೆಳಕಿನ ಗಂಟುಗಳು ಮುಂದೆ ಸರಿಯುವುದು ಸಿನಿಮಾದ ಹಾಗೆ ಕಾಣುತ್ತದೆ. ಇದನ್ನು ನೋಡಿಯೂ ಊಹೆ ಅಂದರೆ ನನಗೆ ಬೇಜಾರಾಗುತ್ತದೆ.

ನಿಮ್ಮ ಮಾತಿಗೆ ಜಾಗ ಇರುವುದು ಒಂದು ಕಡೆ. ಮೋಡದ ತೂಕದಲ್ಲಿ ದೂಳು ನೂರಕ್ಕೆ ಒಂದು ಪಾಲು. ಒಲೆಯ ಹೊಗೆಯಷ್ಟು ನುಣುಪು. ಅದು ಅಂಟಿ ಅಂಟಿ ಹರಳುಗಲ್ಲಿನಷ್ಟಾಗುವುದು ಸರಿ. ಆದರೆ ಮೀಟರ್ ಗಾತ್ರಕ್ಕೆ ಬಂದ ಬಂಡೆಗೆ ಸುತ್ತಲಿನ ಅನಿಲ ಎದುರುಗಾಳಿಯ ಹಾಗೆ ಅಡ್ಡ ಬರುತ್ತದೆ. ವೇಗ ಕಳೆದುಕೊಂಡು, ಕೆಲವೇ ನೂರು ವರ್ಷಗಳಲ್ಲಿ ಬಂಡೆ ನಕ್ಷತ್ರದ ಒಳಗೇ ಹೋಗಿ ಬೀಳಬೇಕು. ಬಂಡೆ ಆ ಘಟ್ಟ ದಾಟಿ ಬೆಟ್ಟವಾದದ್ದು ಹೇಗೆ ಎಂಬುದಕ್ಕೆ ಒಳ್ಳೆಯ ವಿವರಣೆ ಇದೆ. ಕಲ್ಲುಗಳು ಹಿಂಡುಗಟ್ಟಿ, ಹಿಂಡೇ ತನ್ನ ಭಾರಕ್ಕೆ ಕುಸಿಯುತ್ತದೆ ಅಂತ. ಆದರೆ ಅಲ್ಲಿ ವಾದ ಇನ್ನೂ ಮುಗಿದಿಲ್ಲ. ಅಲ್ಲಿ ನೀವು ಊಹೆ ಅನ್ನಿ, ನಾನು ಸುಮ್ಮನಿರುತ್ತೇನೆ.

ಆ ದೂಳಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1969ರಲ್ಲಿ ಮೆಕ್ಸಿಕೋದ ಅಯೆಂಡೆ ಎಂಬಲ್ಲಿ ಉಲ್ಕೆಯ ಕಲ್ಲುಗಳು ಬಿದ್ದವು. ಅವುಗಳೊಳಗೆ ಬಿಳಿ ಚುಕ್ಕೆಗಳಿವೆ. ಸೌರಮಂಡಲದಲ್ಲಿ ಮೊದಲು ಗಟ್ಟಿಯಾದ ಕಣಗಳು ಅವು, ವಯಸ್ಸು 456 ಕೋಟಿ ವರ್ಷಕ್ಕಿಂತ ಜಾಸ್ತಿ. 2025ರಲ್ಲಿ ಜೇಮ್ಸ್ ವೆಬ್ ಮತ್ತು ಆಲ್ಮಾ ಸೇರಿ ಮಹಾವ್ಯಾಧದ ಹಾಪ್ಸ್-315 ಎಂಬ ಎಳೆ ನಕ್ಷತ್ರದ ಹತ್ತಿರ, ಬಿಸಿ ಅನಿಲದಿಂದ ಖನಿಜಗಳು ಆಗತಾನೇ ಗಟ್ಟಿಯಾಗುವುದನ್ನು ಗುರುತಿಸಿದವು. ಇಲ್ಲಿ ಕೈಯಲ್ಲಿ ಹಿಡಿಯುವ ಕಲ್ಲು, ಅಲ್ಲಿ ಅದೇ ಕೆಲಸ ಈಗ ನಡೆಯುತ್ತಿದೆ. ಇದಕ್ಕಿಂತ ಒಳ್ಳೆಯ ತಾಳೆ ಯಾವ ಲೆಕ್ಕದಲ್ಲಿ ಸಿಗುತ್ತದೆ, ನೀವೇ ಹೇಳಿ.

ನನ್ನ ನಿಜವಾದ ಸಂಕಟ ನಿಮ್ಮ ಮೇಲಲ್ಲ. ಕೆಲವು ವರ್ಷದ ಹಿಂದೆ ಒಂದು ಪ್ರೌಢಶಾಲೆಗೆ ಟೆಲಿಸ್ಕೋಪ್ ಹೊತ್ತುಕೊಂಡು ಹೋಗಿದ್ದೆ. ಜನವರಿ ತಿಂಗಳು, ಮಹಾವ್ಯಾಧ ನೆತ್ತಿಗೆ ಬರುವ ಹೊತ್ತು. ಅಂಗಳದ ತುಂಬ ಫ್ಲಡ್‌ಲೈಟು. ಅರ್ಧ ಗಂಟೆ ಆರಿಸಿ ಅಂತ ಬೇಡಿಕೊಂಡೆ. ಅದರ ಸ್ವಿಚ್ಚಿರುವ ಕೋಣೆಯ ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಮಕ್ಕಳನ್ನು ಕಟ್ಟಡದ ಹಿಂದೆ, ನೆರಳಿಗೆ ಕರೆದುಕೊಂಡು ಹೋದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕಣ್ಣಿಟ್ಟು ನೋಡಿ, "ಸಾರ್, ಗಾಜಿನ ಮೇಲೆ ಯಾರೋ ಉಸಿರು ಬಿಟ್ಟ ಹಾಗಿದೆ, ಒರೆಸಲಾ?" ಅಂದಳು. ಅದೇ ಮೋಡ ಕಣಮ್ಮ, ಅದರೊಳಗೆ ಈಗ ನಕ್ಷತ್ರಗಳು ಹುಟ್ಟುತ್ತಿವೆ ಅಂದೆ. ಅವಳು ಮತ್ತೆ ಬಗ್ಗಿದಳು, ಸುಮಾರು ಹೊತ್ತು ಏಳಲಿಲ್ಲ. ಅದೇ ಹುಡುಗಿ ಪರೀಕ್ಷೆಯಲ್ಲಿ "ಸೌರಮಂಡಲದ ಉಗಮ: ಟಿಪ್ಪಣಿ ಬರೆಯಿರಿ" ಅಂದರೆ ಗೈಡಿನ ಆರು ಸಾಲು ಬರೆದು ಬರಬೇಕು. ಆಕಾಶ ಕಾಣದಷ್ಟು ದೀಪ ಹಾಕುತ್ತೇವೆ, ಆಮೇಲೆ ಆಕಾಶವನ್ನು ಬಾಯಿಪಾಠ ಮಾಡಿಸುತ್ತೇವೆ. ನಮ್ಮ ರೈತರು ಮಳೆಗೇ ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಹೆಸರಿಟ್ಟವರು. ಅದೇ ನಾಡಿನ ಮಕ್ಕಳು ರೋಹಿಣಿ ಅಂದರೆ ಕ್ಯಾಲೆಂಡರ್ ನೋಡುತ್ತಾರೆ, ಕತ್ತು ಎತ್ತುವುದಿಲ್ಲ.

ನಿಮ್ಮ ತೋಟದಲ್ಲಿ ಇನ್ನೂ ಕತ್ತಲೆ ಇರಬಹುದು. ಡಿಸೆಂಬರ್ ಕೊನೆಗೆ, ಊಟವಾದ ಮೇಲೆ ಗರಿಗಳ ಸಂದಿನಲ್ಲಿ ಮಹಾವ್ಯಾಧವನ್ನು ನೋಡಿ. ಕೆಂಪಗಿರುವುದು ಆರಿದ್ರಾ. ಅದರ ಹತ್ತಿರ ಸಾಲಾಗಿ ಮೂರು ನಕ್ಷತ್ರ. ಆ ಸಾಲಿನಿಂದ ದಕ್ಷಿಣಕ್ಕೆ ಇಳಿಬಿದ್ದ ಹಾಗೆ ಇನ್ನೊಂದು ಚಿಕ್ಕ ಸಾಲು, ಅದರ ನಡುವೆ ಒಂದು ಮಸುಕು. ಆ ಹುಡುಗಿ ಕಂಡ ಮೋಡ ಅದೇ. ಸುಮಾರು 1,350 ಜ್ಯೋತಿರ್ವರ್ಷ ದೂರ. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಊರಿನ ನಾಲ್ಕು ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ, ಮೂವತ್ತೆರಡು ವರ್ಷ ಕಲಿಸಿದವರು ನೀವು. ಅವರು ಏನೆಂದರು ಅಂತ ನಮಗೆ ಬರೆಯಿರಿ, ಪುಟ ಕೊಡುತ್ತೇನೆ.

ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ನೀವು ಬರೆದ ಸಾಲನ್ನೂ ನೋಡಿದೆ. ಸೂರ್ಯನ ವಯಸ್ಸು 46 ಕೋಟಿ ಅಂತ ಅಚ್ಚಾದದ್ದು ನಮ್ಮದೇ ತಪ್ಪು. 460 ಕೋಟಿ ಅಂತ ಇರಬೇಕಿತ್ತು. ಆ ಸೊನ್ನೆ ಬಿಟ್ಟುಹೋದದ್ದನ್ನು ಹಿಡಿದವರು ನೀವೊಬ್ಬರೇ.

– ಸಂಪಾದಕ