‘ಒಂದೇ ಚಮಚ’ ಅಂದರೆ ಯಾವ ಚಮಚ?

“ಸಂಪಾದಕರಿಗೆ ನಮಸ್ಕಾರ. ನಮ್ಮ ಯಜಮಾನರಿಗೆ ಶುಗರ್ ಬಂದು ಆರು ತಿಂಗಳಾಯಿತು. ದಿನಕ್ಕೆ ಎರಡು ಮಾತ್ರೆ ನಡೆಯುತ್ತಿದೆ. ಮನೆಗೆ ಸಕ್ಕರೆ ತರುವುದನ್ನೇ ನಿಲ್ಲಿಸಿದ್ದೇವೆ. ಕಾಫಿಗೆ ಬೆಲ್ಲದ ಪುಡಿ, ಅದೂ ಒಂದೇ ಚಮಚ. ದೋಸೆಗೆ ಜೋನಿ ಬೆಲ್ಲ, ಚಪಾತಿಗೆ ಜೇನುತುಪ್ಪ. ಆದರೂ ಮೊನ್ನೆ ಟೆಸ್ಟ್ ಮಾಡಿಸಿದರೆ ಇಳಿದೇ ಇಲ್ಲ. ಬೆಂಗಳೂರಿನಲ್ಲಿರುವ ಮಗ ಸ್ಟೀವಿಯಾ ಪುಡಿ ತಂದುಕೊಟ್ಟಿದ್ದಾನೆ. ಮೆಡಿಕಲ್ ಶಾಪಿನವರು ಸಿಹಿ ಗುಳಿಗೆ ಕೊಟ್ಟರು. ಪಕ್ಕದ ಮನೆಯವರು ‘ಅದೆಲ್ಲ ಕ್ಯಾನ್ಸರ್ ತರುತ್ತೆ’ ಅಂತ ಹೆದರಿಸಿದ್ದಾರೆ. ಯಾವುದನ್ನು ಬಳಸಲಿ? ಗೌರಿ ಹಬ್ಬ ಬೇರೆ ಹತ್ತಿರ ಬಂತು. ಒಬ್ಬಟ್ಟು ಮಾಡದೆ ಇರೋಕಾಗುತ್ತಾ?”

— ಓದುಗರೊಬ್ಬರು, ಬೇಲೂರು ತಾಲ್ಲೂಕು

ಅಕ್ಕಾ, ನಮಸ್ಕಾರ.

ನೀವು ಕೇಳಿರುವುದು ಯಾವ ಪುಡಿ, ಯಾವ ಗುಳಿಗೆ ಅಂತ. ನನ್ನ ಕಣ್ಣು ಹೋಗಿ ನಿಂತದ್ದು ಮಾತ್ರ ‘ಒಂದೇ ಚಮಚ’ ಅನ್ನುವಲ್ಲಿ. ಅದಕ್ಕೆ ಬರುತ್ತೇನೆ. ಮೊದಲು ಬೆಲ್ಲದ ಲೆಕ್ಕ ಮುಗಿಸಿಬಿಡೋಣ.

ಬೇಜಾರು ಮಾಡಿಕೊಳ್ಳಬೇಡಿ, ನೀವು ಸಕ್ಕರೆ ಬಿಟ್ಟಿಲ್ಲ. ಬಿಳಿಯದನ್ನು ಬಿಟ್ಟು ಕಂದು ಬಣ್ಣದ್ದು ತಂದಿದ್ದೀರಿ, ಅಷ್ಟೇ. ಎರಡೂ ಹುಟ್ಟುವುದು ಅದೇ ಕಬ್ಬಿನ ಹಾಲಿನಿಂದ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಾಯಿಸಿ ಅಚ್ಚಿಗೆ ಹೊಯ್ದರೆ ಬೆಲ್ಲ. ಕಾರ್ಖಾನೆಗೆ ಹೋಗಿ, ಹರಳುಗಟ್ಟಿ, ಕಾಕಂಬಿ ಬೇರೆಯಾದರೆ ಸಕ್ಕರೆ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ, ಬೆಲ್ಲದಲ್ಲಿ 380ರ ಆಸುಪಾಸು. ಬೆಲ್ಲದಲ್ಲಿ ಕಬ್ಬಿಣದಂಶ ಇದೆ ಅನ್ನುವುದು ಸುಳ್ಳಲ್ಲ. ಆದರೆ ಅದು ಮೈಗೆ ಹತ್ತಬೇಕಾದರೆ ಅಚ್ಚುಗಟ್ಟಲೆ ತಿನ್ನಬೇಕು. ಆ ಕೆಲಸಕ್ಕೆ ಮನೆಯಲ್ಲಿ ಹುರುಳಿಕಾಳು ಇದೆಯಲ್ಲ. ಜೇನುತುಪ್ಪ ನಮ್ಮ ಮಲೆನಾಡಿನ ತುಡುವೆ ಜೇನೇ ಆಗಿರಲಿ, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಸಕ್ಕರೆ, ಉಳಿದದ್ದು ಹೆಚ್ಚುಕಮ್ಮಿ ನೀರು. ಅರಸೀಕೆರೆ ಕಡೆಯ ನೆಂಟರು ತೆಂಗಿನ ಸಕ್ಕರೆ ಒಳ್ಳೇದು ಅಂದರೂ ಕಥೆ ಇದೇ. ಒಣ ಖರ್ಜೂರದ ಲಾಡಿಗೆ ‘ಸಕ್ಕರೆ ಹಾಕಿಲ್ಲ’ ಅಂತ ಚೀಟಿ ಅಂಟಿಸಿದ್ದರೆ ಅದೂ ನಿಜವೇ, ಯಾಕಂದರೆ ಖರ್ಜೂರದಲ್ಲೇ ಅರ್ಧಕ್ಕಿಂತ ಜಾಸ್ತಿ ಸಕ್ಕರೆ ಇರುತ್ತದೆ.

ಇನ್ನು ಚಮಚ.

ಮೂರು ವರ್ಷದ ಹಿಂದೆ ನನ್ನ ಎಚ್‌ಬಿಎ1ಸಿ 6.2 ಬಂತು. ಅಂದರೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ. 5.7ರಿಂದ 6.4ರವರೆಗೆ ಇದ್ದರೆ ಗಡಿ ಕಲ್ಲಿನ ಮೇಲೆ ನಿಂತಿದ್ದೀರಿ ಅಂತ ಲೆಕ್ಕ. ‘ಕಾಫಿಗೆ ಒಂದೇ ಚಮಚ ಡಾಕ್ಟ್ರೇ, ಸ್ವೀಟ್ ಮುಟ್ಟೋದೇ ಇಲ್ಲ’ ಅಂದೆ. ಅವರು ತಲೆ ಎತ್ತದೆ ‘ಯಾವ ಚಮಚ?’ ಅಂತ ಕೇಳಿದರು. ನನಗೆ ಸಿಟ್ಟೇ ಬಂತು.

ಹಾಸನದ ನಮ್ಮ ಆಫೀಸಿನಲ್ಲಿ ಪತ್ರಿಕೆಯ ಅಂಚೆ ಕಟ್ಟುಗಳನ್ನು ತೂಗುವ ಒಂದು ಪುಟ್ಟ ತಕ್ಕಡಿ ಇದೆ. ಮನೆಯ ಸಕ್ಕರೆ ಡಬ್ಬಿಯ ಚಮಚವನ್ನು ಕಾಗದದಲ್ಲಿ ಸುತ್ತಿ ತಂದೆ. ಹಿಡಿ ಸ್ವಲ್ಪ ಬಗ್ಗಿದ, ತಳ ಆಳವಾದ ಸ್ಟೀಲ್ ಚಮಚ. ಯಾವ ಮದುವೆಯ ಉಡುಗೊರೆಯೋ, ದೇವರಿಗೇ ಗೊತ್ತು. ತಲೆ ಸವರಿ ತೂಗಿದರೆ 5 ಗ್ರಾಂ. ಮನೆಯಲ್ಲಿ ಹಾಕುವ ಹಾಗೆ ಗೋಪುರ ಮಾಡಿ ತೂಗಿದರೆ 8 ಗ್ರಾಂ. ಸಂಚಿಕೆ ಅಚ್ಚಿಗೆ ಹೋಗುವ ವಾರದಲ್ಲಿ ನನ್ನದು ದಿನಕ್ಕೆ ಆರು ಕಾಫಿ. ಆರೆಂಟಲೆ 48. ಹೊರಗಿಂದ ಸೇರಿಸುವ ಸಕ್ಕರೆ, ಬೆಲ್ಲ, ಜೇನು, ಜ್ಯೂಸಿನ ಸಿಹಿ ಎಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತು ಪಾಲು ದಾಟಬಾರದು, ಐದರೊಳಗೆ ಇದ್ದರೆ ಇನ್ನೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ, ಮತ್ತು 25 ಗ್ರಾಂ. ಸ್ವೀಟ್ ಮುಟ್ಟದ ನಾನು ಬರೀ ಕಾಫಿಯಲ್ಲೇ 48ಕ್ಕೆ ಬಂದು ಕೂತಿದ್ದೆ.

ಆವತ್ತಿನಿಂದ ಚಮಚದ ತಲೆ ಸವರಿದೆ. ಎರಡು ವಾರ ಕಾಫಿ ಸಪ್ಪೆ ಅನ್ನಿಸಿತು. ಆಮೇಲೆ ಮುಕ್ಕಾಲು, ಮತ್ತೆರಡು ವಾರ ಬಿಟ್ಟು ಅರ್ಧ. ಒಂದೇ ಸಲಕ್ಕೆ ನಿಲ್ಲಿಸಿದವರು ಎಂಟನೇ ದಿನಕ್ಕೆ ಮತ್ತೆ ಡಬ್ಬಿಗೆ ಕೈ ಹಾಕಿದ್ದನ್ನು ನೋಡಿದ್ದೇನೆ. ನಾಲಿಗೆಗೆ ಗೊತ್ತಾಗದ ಹಾಗೆ ಇಳಿಸಬೇಕು. ಈಗ ಯಾರಾದರೂ ನೆಂಟರ ಮನೆಯಲ್ಲಿ ಎರಡು ಚಮಚ ಹಾಕಿಕೊಟ್ಟರೆ ಪಾಯಸ ಕುಡಿದ ಹಾಗಾಗುತ್ತದೆ.

ಸಿಹಿ ಇಳಿದಾಗ ಇನ್ನೊಂದು ವಿಷಯ ಬಯಲಾಯಿತು. ನಾನು ಇಷ್ಟು ವರ್ಷ ಕುಡಿಯುತ್ತಿದ್ದ ಕಾಫಿಯೇ ಚೆನ್ನಾಗಿರಲಿಲ್ಲ! ಬಾಬಾ ಬುಡನ್ ತಂದ ಏಳು ಬೀಜದ ಕಥೆ ಹೇಳಿಕೊಂಡು ಎದೆ ಉಬ್ಬಿಸುವವರು ನಾವು. ಕುಡಿಯುವುದು ಮಾತ್ರ ಹಳೇ ಡಿಕಾಕ್ಷನ್ನಿಗೆ ಸಕ್ಕರೆ ಸುರಿದು. ಪುಡಿ ಪೊಟ್ಟಣದ ಹಿಂದೆ ಚಿಕೋರಿ ಶೇಕಡಾ ಎಷ್ಟು ಅಂತ ಬರೆದಿರುತ್ತದೆ, ನೋಡಿ. 49ರವರೆಗೆ ಹಾಕಲು ಕಾನೂನಿನಲ್ಲೇ ಅವಕಾಶ ಇದೆ. ಚಿಕೋರಿ ಜಾಸ್ತಿಯಾದಷ್ಟೂ ಒಂಥರಾ ಸುಟ್ಟ ಕಹಿ. ರೋಬಸ್ಟಾ ಜಾಸ್ತಿ ಇದ್ದರೂ ಕಹಿ ಮುಂದು. ಅರೇಬಿಕಾ ಹೆಚ್ಚಿರುವ, ಚಿಕೋರಿ ಕಡಿಮೆ ಇರುವ ಪುಡಿ ತಂದು, ಬೆಳಗ್ಗೆ ಹೊಸದಾಗಿ ಇಳಿಸಿದ ಡಿಕಾಕ್ಷನ್‌ನಲ್ಲಿ ಮಾಡಿ ಕೊಡಿ. ನಿಮ್ಮ ಕಡೆ ತೋಟದ ಪುಡಿಗೆ ಬರವಿಲ್ಲ ಅಲ್ವಾ? ಯಜಮಾನರು ಅರ್ಧ ಚಮಚಕ್ಕೆ ಜಗಳವಿಲ್ಲದೆ ಒಪ್ಪುತ್ತಾರೆ.

ಈಗ ಮೆಡಿಕಲ್ ಶಾಪಿನ ಡಬ್ಬಿ. ಹಿಂದಿನ ಸಣ್ಣಕ್ಷರ ಓದಿ. ಹೆಚ್ಚಾಗಿ ಆಸ್ಪರ್ಟೇಮ್ ಇರುತ್ತದೆ, ಇಲ್ಲವೇ ಸುಕ್ರಲೋಸ್. ಮೊದಲಿನದು ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಎರಡನೆಯದು 600 ಪಟ್ಟು. ಸುಕ್ರಲೋಸ್ ಸಿಕ್ಕಿದ ಕಥೆ ತಮಾಷೆಯದು. 1976ರಲ್ಲಿ ಲಂಡನ್ನಿನ ಲ್ಯಾಬಿನಲ್ಲಿ ನಮ್ಮ ದೇಶದವರೇ ಆದ ಶಶಿಕಾಂತ ಫಡ್ನಿಸ್ ಅವರಿಗೆ ಒಂದು ಪುಡಿಯನ್ನು ‘ಟೆಸ್ಟ್’ ಮಾಡಿ ಅಂದರಂತೆ. ಅವರ ಕಿವಿಗೆ ‘ಟೇಸ್ಟ್’ ಅಂತ ಬಿತ್ತು, ನಾಲಿಗೆಗೆ ಇಟ್ಟೇಬಿಟ್ಟರು. ನಮ್ಮ ಪ್ರೂಫ್ ನೋಡುವ ಹುಡುಗರಿಗೆ ನಾನು ಈ ಕಥೆ ಆಗಾಗ ಹೇಳುತ್ತಿರುತ್ತೇನೆ.

ಪಕ್ಕದ ಮನೆಯವರ ಮಾತಿಗೂ ಒಂದು ಬೇರಿದೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಸ್ಪರ್ಟೇಮ್ ಅನ್ನು 2ಬಿ ಗುಂಪಿಗೆ ಸೇರಿಸಿತು. ‘ಕ್ಯಾನ್ಸರ್ ತರಬಹುದೇನೋ, ಆದರೆ ಸಾಕ್ಷ್ಯ ಸಾಲದು’ ಅನ್ನುವ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಅದರ ಜೊತೆಗೇ, ತಿನ್ನಬಹುದಾದ ಪ್ರಮಾಣ ಗೊತ್ತುಮಾಡುವ ಇನ್ನೊಂದು ಸಮಿತಿ ಹಳೇ ಮಿತಿಯನ್ನೇ ಉಳಿಸಿಕೊಂಡಿತು: ಮೈತೂಕದ ಒಂದು ಕೆಜಿಗೆ ದಿನಕ್ಕೆ 40 ಮಿಲಿಗ್ರಾಂ. ಒಂದು ಗುಳಿಗೆಯಲ್ಲಿ ಸಾಮಾನ್ಯವಾಗಿ 18–20 ಮಿಲಿಗ್ರಾಂ ಇರುತ್ತದೆ. 60 ಕೆಜಿ ತೂಗುವವರು ಮಿತಿ ದಾಟಬೇಕಾದರೆ ದಿನಕ್ಕೆ ನೂರಕ್ಕೂ ಮೇಲೆ ನುಂಗಬೇಕು. ನಿಮ್ಮ ಯಜಮಾನರು ಹಾಕಿಕೊಳ್ಳುವುದು ಮೂರೋ ನಾಲ್ಕೋ. ಫಿನೈಲ್‌ಕೀಟೋನ್ಯೂರಿಯ ಅನ್ನುವ ಅಪರೂಪದ ಹುಟ್ಟುಕಾಯಿಲೆ ಇರುವವರು ಮಾತ್ರ ಆಸ್ಪರ್ಟೇಮ್ ಮುಟ್ಟಬಾರದು. ಡಬ್ಬಿಯ ಮೇಲೆ ‘ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ’ ಅಂತಲೂ ಇರುತ್ತದೆ. ಮೊಮ್ಮಕ್ಕಳು ಬಂದಾಗ ಕೈಗೆ ಸಿಗದ ಹಾಗೆ ಇಡಿ.

ಮಗ ತಂದ ಸ್ಟೀವಿಯಾ ಕೂಡ ಆಗುತ್ತದೆ. ದಕ್ಷಿಣ ಅಮೆರಿಕದ ಗಿಡ. ಅದರ ಎಲೆಯಿಂದ ಶುದ್ಧ ಮಾಡಿ ತೆಗೆದ ಸತ್ವಕ್ಕೆ ನಮ್ಮಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಕೊನೆಗೆ ಬಾಯಲ್ಲಿ ಅತಿಮಧುರ ಜಗಿದ ಹಾಗೆ ಒಂದು ರುಚಿ ಉಳಿಯುತ್ತದೆ. ಕೆಲವರಿಗೆ ಹಿಡಿಸುವುದಿಲ್ಲ, ನನಗೂ ಹಿಡಿಸಲಿಲ್ಲ. ಪೊಟ್ಟಣದಲ್ಲಿ ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಮೊದಲ ಹೆಸರಾಗಿ ಬರೆದಿದ್ದರೆ, ಅದರಲ್ಲಿ ಜಾಸ್ತಿ ಇರುವುದು ಅದೇ. ಅವೆರಡೂ ರಕ್ತದ ಸಕ್ಕರೆ ಏರಿಸುತ್ತವೆ. ಚಿಟಿಕೆ ಹಾಕಿದರೆ ತೊಂದರೆ ಇಲ್ಲ, ಪಾಯಸಕ್ಕೆ ಬಟ್ಟಲುಗಟ್ಟಲೆ ಸುರಿಯಬೇಡಿ.

ತೂಕ ಇಳಿಸಲು ಇಂಥ ಸಿಹಿಗಳನ್ನು ನಂಬಿಕೊಳ್ಳಬೇಡಿ ಅಂತ 2023ರ ಮೇ ತಿಂಗಳಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆದರೆ ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ. ಹಾಗಾಗಿ ಅದು ನಿಮ್ಮ ಯಜಮಾನರಿಗಲ್ಲ, ನಿಮಗೆ ಮತ್ತು ನನಗೆ. ನನ್ನ ಅಭಿಪ್ರಾಯ ಕೇಳಿದರೆ, ಅವರಿಗೆ ಬೆಲ್ಲ ನಿಲ್ಲಿಸಿ ಗುಳಿಗೆಯೋ ಸ್ಟೀವಿಯಾವೋ ಒಂದನ್ನು ಶುರುಮಾಡಿ. ಕಾಫಿಗೆ ಹಾಕುವ ಸಿಹಿ ಗುಳಿಗೆ ಎರಡಿದ್ದರೆ ಒಂದಕ್ಕೆ ಬನ್ನಿ, ಆಮೇಲೆ ಅರ್ಧಕ್ಕೆ (ಶುಗರ್ ಮಾತ್ರೆಯಲ್ಲ!). ಕಾಲು ಮುರಿದವರಿಗೆ ಊರುಗೋಲು ಕೊಡುತ್ತಾರಲ್ಲ, ಹಾಗೆ. ಗುಳಿಗೆ ಹಾಕಿಕೊಂಡೆ ಅಂತ ಎರಡು ಬಿಸ್ಕತ್ತು ಜಾಸ್ತಿ ತಿಂದರೆ ಮಾತ್ರ ಎಲ್ಲ ನೀರಲ್ಲಿ ಹೋಮ.

ಬಿಸ್ಕತ್ತು ಅಂದಾಗ ನೆನಪಾಯಿತು. ಅಯ್ಯಂಗಾರ್ ಬೇಕರಿ ಅಂತ ಊರೂರಲ್ಲಿ ಬೋರ್ಡ್ ಹಾಕಿದವರಲ್ಲಿ ಬಹಳ ಜನ ನಮ್ಮ ಹಾಸನ ಜಿಲ್ಲೆಯವರು, ಅವರ ಮೇಲೆ ನನಗೆ ಪ್ರೀತಿಯೇ. ಆದರೂ ಯಾವ ಬೇಕರಿಯದಾಗಲಿ, ‘ಶುಗರ್‌ಲೆಸ್’ ಬಿಸ್ಕತ್ತಿನಲ್ಲಿ ಮೈದಾ ಇದ್ದೇ ಇರುತ್ತದೆ. ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಒಮ್ಮೆ ಬೆಂಗಳೂರಿನ ಒಂದು ಅಂಗಡಿಯಿಂದ ಸಕ್ಕರೆ ಇಲ್ಲದ ಬರ್ಫಿ ತಂದಿದ್ದೆ. ನೆಲಮಂಗಲ ದಾಟಿದಾಗ ಬಸ್ಸಿನಲ್ಲಿ ಡಬ್ಬಿ ತೆಗೆದೆ. ಹೇಗಿದ್ದರೂ ಸಕ್ಕರೆ ಇಲ್ಲವಲ್ಲ ಅಂತ ಅರ್ಧ ಡಬ್ಬಿ ಖಾಲಿ ಮಾಡಿದೆ. ಚನ್ನರಾಯಪಟ್ಟಣ ಬರುವಷ್ಟರಲ್ಲಿ ಕಂಡಕ್ಟರ್ ಕಾಲು ಹಿಡಿಯುವ ಸ್ಥಿತಿ. ಮನೆಗೆ ಬಂದು ಡಬ್ಬಿ ತಿರುಗಿಸಿ ನೋಡಿದರೆ ಮಾಲ್ಟಿಟಾಲ್, ಸಕ್ಕರೆಯ ಬದಲು ಹಾಕುವ ಒಂದು ಸಿಹಿ. ಸಾರ್ಬಿಟಾಲ್, ಮಾಲ್ಟಿಟಾಲ್ ಜಾಸ್ತಿ ತಿಂದರೆ ಭೇದಿಯಾಗುತ್ತದೆ ಅಂತ ಆಮೇಲೆ ಓದಿಕೊಂಡೆ.

ಒಬ್ಬಟ್ಟಿಗೆ ಬರೋಣ. ಮಾಡಿ. ಬೆಲ್ಲದಲ್ಲೇ ಮಾಡಿ. ಸ್ಟೀವಿಯಾದಲ್ಲಿ ಹೂರಣ ಕಟ್ಟಲು ಹೋಗಬೇಡಿ. ಸಿಹಿ ಬರುತ್ತದೆ, ಪಾಕ ಬರುವುದಿಲ್ಲ. ಬೆಲ್ಲ ಸಿಹಿಗೆ ಮಾತ್ರ ಇರುವುದಲ್ಲ, ಬೇಳೆಯನ್ನು ಹಿಡಿದು ಉಂಡೆ ಕಟ್ಟುವುದೂ ಅದೇ. ಆಸ್ಪರ್ಟೇಮ್ ಅಂತೂ ಕುದಿಸಿದರೆ ಸಿಹಿಯನ್ನೇ ಕಳೆದುಕೊಳ್ಳುತ್ತದೆ. ಒಂದು ಲೋಟ ಬೇಳೆಗೆ ಒಂದು ಲೋಟ ಬೆಲ್ಲ ಹಾಕುವ ಕಡೆ ಮುಕ್ಕಾಲು ಹಾಕಿ, ಏಲಕ್ಕಿ, ಕಾಯಿತುರಿ ಸ್ವಲ್ಪ ಮುಂದು ಮಾಡಿ. ನಮ್ಮ ಮನೆಯಲ್ಲಿ ಹೇಳದೆ ಮಾಡಿದರು, ಯಾರೂ ಕಂಡುಹಿಡಿಯಲಿಲ್ಲ. ಅಂಗೈಯಗಲದ್ದೊಂದು ಯಜಮಾನರ ಎಲೆಗೆ ಬಡಿಸಿ, ಕೋಸಂಬರಿ, ಪಲ್ಯ ಆದ ಮೇಲೆ. ಆ ಹೊತ್ತು ಅನ್ನ ಕಡಿಮೆ. ನಿಜವಾದ ಅಪಾಯ ಹಬ್ಬದ ದಿನ ಇರುವುದಿಲ್ಲ. ಮಾರನೇ ದಿನದ ಒಬ್ಬಟ್ಟು ಇನ್ನೂ ರುಚಿ, ಡಬ್ಬಿ ಅಡುಗೆಮನೆಯಲ್ಲೇ ಇರುತ್ತದೆ. ಉಳಿದದ್ದನ್ನು ಅವತ್ತೇ ಸಂಜೆ ಹಂಚಿಬಿಡಿ. ಕ್ಯಾನ್ಸರ್ ಅಂತ ಹೆದರಿಸಿದ ಮನೆಗೆ ಎರಡು ಜಾಸ್ತಿ ಕಳಿಸಿ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ನಾನು ಡಾಕ್ಟರ್ ಅಲ್ಲ, ಸಿಹಿ ಮತ್ತು ಅನ್ನ ಎರಡನ್ನೂ ಒಟ್ಟಿಗೆ ಇಳಿಸುವ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ. ಮಾತ್ರೆಯ ಅಳತೆ ಬದಲಾಯಿಸಬೇಕಾಗಬಹುದು. ಕೆಲವು ಮಾತ್ರೆ ತಗೊಳ್ಳುವವರಿಗೆ, ಇನ್ಸುಲಿನ್ ತಗೊಳ್ಳುವವರಿಗೆ ಶುಗರ್ ದಿಢೀರ್ ಕೆಳಗಿಳಿದು ಬೆವರು, ನಡುಕ, ಕಣ್ಣು ಮಂಜು ಬರುತ್ತದೆ. ಆಗ ನಿಮ್ಮ ಸ್ಟೀವಿಯಾ, ಗುಳಿಗೆ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಬೇಕಾದದ್ದು ನಿಜವಾದ ಸಕ್ಕರೆ. ಮೂರು ಚಮಚ, ತಲೆ ಸವರಿದ್ದು, ನೀರಿಗೆ ಕಲಸಿ ಕೊಡಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಗೆ ಸಕ್ಕರೆ ತರುವುದನ್ನೇ ನಿಲ್ಲಿಸಿದ್ದೇವೆ ಅಂದಿದ್ದೀರಿ. ಒಂದು ಸಣ್ಣ ಡಬ್ಬಿ ತಂದಿಡಿ, ಅವರ ಜೇಬಿನಲ್ಲೂ ಒಂದು ಪೊಟ್ಟಣ ಇರಲಿ.

ನಿಮ್ಮ ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಬೆಲ್ಲದ ಒಂದು ಕೆಜಿ ಪೊಟ್ಟಣ ಒಡೆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಖಾಲಿಯಾದ ದಿನ ಇನ್ನೊಂದು ಗುರುತು. ಇಬ್ಬರೂ ಬೆಲ್ಲ ತಿನ್ನುವ ಮನೆಯಲ್ಲಿ, ತಲೆಗೆ 25 ಗ್ರಾಂ ಲೆಕ್ಕದಲ್ಲಿ, ಅದು 20 ದಿನ ಬರಬೇಕು; ಯಜಮಾನರು ಬೆಲ್ಲ ಬಿಟ್ಟ ಮೇಲೆ ಇನ್ನೂ ಹೆಚ್ಚು. ಎಷ್ಟು ದಿನ ಬಂತು ಅಂತ ನನಗೊಂದು ಕಾರ್ಡ್ ಬರೆಯಿರಿ. ನಮ್ಮ ಮನೆಯಲ್ಲಿ ಮೊದಲ ಸಲ ಬಂದದ್ದು ಒಂಬತ್ತೇ ದಿನ.

— ಸಂಪಾದಕ