ಅಂಗುಲದ ಸಿಪಾಯಿಗಳು: ಬಿಳಿಚಿದ ವಾರ್ನಿಶ್, ಪೇಶ್ವೆ ಸವಾರನ ಮುಂಡಾಸು

ಮೇಜಿನ ಮೇಲೆ ಆಡುವ ಯುದ್ಧದಾಟದ 28 ಮಿ.ಮೀ. ಗೊಂಬೆಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಜುಲೈನಲ್ಲಿ ಹನ್ನೆರಡು ಸೈನಿಕರಿಗೆ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ಬೆಳಿಗ್ಗೆ ನೋಡಿದರೆ ಎಲ್ಲರೂ ವಿಭೂತಿ ಬಳಿದುಕೊಂಡಂತಿದ್ದರು. ಬಣ್ಣವನ್ನೆಲ್ಲ ಕಿತ್ತು ಮತ್ತೆ ಬಳಿಯಬೇಕೆ? — ಓದುಗರು, ಡೊಂಬಿವಲಿ

ಕೀಳಬೇಡಿ. ಬಣ್ಣ ಕೆಟ್ಟಿಲ್ಲ, ಮೇಲಿನ ಪೊರೆ ಮಾತ್ರ ಕೆಟ್ಟಿದೆ. ಡಬ್ಬಿಯಿಂದ ಬಿದ್ದ ದ್ರಾವಕ ಸರ್ರನೆ ಆರುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ. ಮಳೆಗಾಲದ ಗಾಳಿಯ ತೇವ ಅಲ್ಲಿ ಕೂತು ಪೊರೆಯೊಳಗೆ ಸಿಕ್ಕಿಬೀಳುತ್ತದೆ. ಬಿಳುಪಿಗೆ ಅದೇ ಕಾರಣ. ಹೊಳಪು ಕೊಡುವ ಅಕ್ರಿಲಿಕ್ ಗ್ಲಾಸ್ (gloss) ವಾರ್ನಿಶನ್ನು ಬ್ರಷ್‌ನಲ್ಲಿ ತೆಳ್ಳಗೆ ಒಂದು ಕೈ ಹಚ್ಚಿ. ಪೊರೆಯ ಸಣ್ಣ ಸಂದುಗಳು ತುಂಬಿಕೊಂಡರೆ ಬಿಳುಪು ಬಹುಮಟ್ಟಿಗೆ ಮಾಯವಾಗುತ್ತದೆ. ಮೊದಲು ಒಬ್ಬ ಸೈನಿಕನ ಬೆನ್ನ ಮೇಲೆ ಪರೀಕ್ಷಿಸಿ. 24 ಗಂಟೆ ಆರಿದ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಶನ್ನೂ ಬ್ರಷ್‌ನಲ್ಲೇ ಹಚ್ಚಿ. ಆಲಿವ್ ಎಣ್ಣೆ ಸವರಿದರೂ ಬಿಳುಪು ಹೋಗುತ್ತದೆ ಎಂದು ಹೇಳುವವರಿದ್ದಾರೆ. ಹೋಗುತ್ತದೆ, ನಿಜ. ಆದರೆ ಎಣ್ಣೆಯ ಮೇಲೆ ಮುಂದೆ ಯಾವ ವಾರ್ನಿಶೂ ಹಿಡಿಯದು. ಅದು ನಮಗೆ ಒಪ್ಪಿಗೆಯಿಲ್ಲ.

ಮುಂದಿನ ಸಲಕ್ಕೆ ತೇವ ಅಳೆಯುವ ಪುಟ್ಟ ಡಿಜಿಟಲ್ ಮೀಟರ್ ಒಂದನ್ನು ಇಟ್ಟುಕೊಳ್ಳಿ. ಶೇ. 70 ದಾಟಿದ ದಿನ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಅಂದರೆ ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಮುಟ್ಟುವಂತೆಯೇ ಇಲ್ಲ! ಪ್ರೈಮರ್‌ಗೂ ಇದೇ ಮಾತು. ಬ್ರಷ್‌ನಲ್ಲಿ ಹಚ್ಚುವ ಅಕ್ರಿಲಿಕ್ ಪ್ರೈಮರ್ ತಂದು ತೆಳ್ಳಗೆ ಎರಡು ಕೈ ಹಚ್ಚಿ, ಒಂದು ರಾತ್ರಿ ಬಿಡಿ. ಎ.ಸಿ. ಹಾಕಿ ಕೋಣೆ ಮುಚ್ಚಿಕೊಂಡು ಸ್ಪ್ರೇ ಹೊಡೆಯುವ ಉಪಾಯವಂತೂ ಬೇಡವೇ ಬೇಡ. ಗೊಂಬೆ ಉಳಿದೀತು, ನಿಮ್ಮ ಶ್ವಾಸಕೋಶಕ್ಕೆ ಕಷ್ಟ.

ಪುಣೆ ಹತ್ತಿರ ಪೇಶ್ವೆಗೂ ಬ್ರಿಟಿಷರಿಗೂ ನಡೆದ 1817ರ ಖಡಕಿ ಕಾಳಗವನ್ನು ಮೇಜಿನ ಮೇಲೆ ಆಡಬೇಕೆಂದಿದ್ದೇವೆ. ಪೇಶ್ವೆಯ ಸವಾರರ ಗೊಂಬೆ ಸಿಗುತ್ತಿಲ್ಲ. ನೆಪೋಲಿಯನ್ ಕಾಲದ ಪ್ಲಾಸ್ಟಿಕ್ ಸವಾರರಿದ್ದಾರೆ. ಅವರಿಗೆ ಮುಂಡಾಸು ಸುತ್ತುವುದು ಹೇಗೆ? — ಓದುಗರು, ಪಿಂಪ್ರಿ

ಎರಡು ಭಾಗದ ಎಪಾಕ್ಸಿ ಪುಟ್ಟಿ ಬೇಕು. ನೀಲಿ-ಹಳದಿ ಪಟ್ಟಿಯಾಗಿ ಬರುವ 'ಗ್ರೀನ್ ಸ್ಟಫ್' ಬಟ್ಟೆಯ ನೆರಿಗೆಗೆ ಸರಿ. ಗಟ್ಟಿಯಾದ ಮೇಲೂ ಕೊಂಚ ಬಾಗುತ್ತದೆ, ಮುರಿಯುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಬೇಗ ಬಿಗಿದು ಕಲ್ಲಾಗುತ್ತದೆ. ಅದು ಬಂಡೆಗೆ, ನೆಲಕ್ಕೆ, ಸಂದು ತುಂಬುವುದಕ್ಕೆ ಒಳ್ಳೆಯದು. ಮುಂಡಾಸಿನ ಎಳೆ ಎಳೆಯುವಷ್ಟು ಹೊತ್ತು ಕೊಡುವುದಿಲ್ಲ.

ಪಟ್ಟಿಯಲ್ಲಿ ನೀಲಿ-ಹಳದಿ ಅಂಟಿಕೊಂಡಿರುವ ನಡುವಿನ ಗೆರೆಯನ್ನು ಮೊದಲು ಕತ್ತರಿಸಿ ಎಸೆಯಿರಿ. ಅದು ಅಂಗಡಿಯಲ್ಲಿರುವಾಗಲೇ ಗಟ್ಟಿಯಾಗಿರುತ್ತದೆ, ಮಿಶ್ರಣದಲ್ಲಿ ರವೆಯಂತೆ ಸಿಗುತ್ತದೆ. ಉಳಿದದ್ದನ್ನು ಸಮಸಮ ತೆಗೆದುಕೊಂಡು, ಗೆರೆ ಕಾಣದಂತೆ ಒಂದೇ ಹಸಿರಾಗುವವರೆಗೆ ನಾದಿ. ಬಟಾಣಿ ಕಾಳಿನಷ್ಟು ಪುಟ್ಟಿಯಲ್ಲಿ ನಾಲ್ಕೈದು ಮುಂಡಾಸು ಆಗುತ್ತವೆ. ಚರ್ಮ ಕೆರಳಬಹುದು, ಕೈಗವಸು ಹಾಕಿಕೊಳ್ಳಿ.

ತಲೆಯನ್ನು ದೇಹಕ್ಕೆ ಅಂಟಿಸುವ ಮೊದಲೇ ಈ ಕೆಲಸ ಮುಗಿಯಬೇಕು. ಕತ್ತಿನ ಅಡಿಯಿಂದ ರಂಧ್ರ ಕೊರೆದು ಪೇಪರ್ ಕ್ಲಿಪ್ಪಿನ ತಂತಿಗೆ ಸಿಕ್ಕಿಸಿದರೆ ಹಿಡಿಯಲು ಹಿಡಿಕೆಯಾಯಿತು. ಟೋಪಿಯನ್ನು ಹುಬ್ಬಿನ ಮೇಲ್ಗಡೆ ಸಮತಟ್ಟಾಗಿ ಕೊಯ್ಯಿರಿ. 3 ಮಿ.ಮೀ. ಉಂಡೆಯನ್ನು ಅಲ್ಲಿ ಒತ್ತಿ ಬುರುಡೆಯ ಆಕಾರ ಕೊಟ್ಟು ಅರ್ಧ ಗಂಟೆ ಬಿಡಿ. ಎಲ್ಲರೂ ಆತುರಪಡುವುದು ಇಲ್ಲಿಯೇ. ಅಡಿಪದರ ಮೆತ್ತಗಿರುವಾಗಲೇ ಸುತ್ತಿದರೆ ಎಳೆಗಳು ಅದರೊಳಗೆ ಹೂತು, ಮುಂಡಾಸು ಹೋಗಿ ಬೋಂಡಾ ಆಗುತ್ತದೆ. ಬಳಿಕ ಅರ್ಧ ಮಿ.ಮೀ. ದಪ್ಪದ ಎಳೆ ಹೊಸೆದು, ಚಪ್ಪಟೆ ಮಾಡಿ, ಹಣೆಯಿಂದ ಹಿಂದಕ್ಕೆ ಓರೆಯಾಗಿ ಒಂದರ ಮೇಲೊಂದು ಸುತ್ತಿ. ನೀರಲ್ಲಿ ಅದ್ದಿದ ಸೂಜಿಯಿಂದ ಎಳೆಗಳ ನಡುವಿನ ಗೆರೆ ಒತ್ತಿ. ಸೂಜಿ ಒಣಗಿದರೆ ಪುಟ್ಟಿ ಅದಕ್ಕೇ ಅಂಟಿ ಎದ್ದು ಬರುತ್ತದೆ. ನಾದಿದ ಮೇಲೆ ಸುಮಾರು ಒಂದೂವರೆ ಗಂಟೆ ಕೈಗೆ ಬಗ್ಗುತ್ತದೆ. ಬಣ್ಣ ಮರುದಿನ.

ಖಡಕಿ ಎಂದ ಮೇಲೆ ನೆಲವನ್ನೂ ಬಿಡುವಂತಿಲ್ಲ. 1817ರ ನವೆಂಬರ್ 5ರಂದು ಪೇಶ್ವೆಯ ಸೇನಾಪತಿ ಬಾಪು ಗೋಖಲೆಯ ಕುದುರೆಪಡೆಯ ದಾಳಿ ಕೆಟ್ಟದ್ದು ಬ್ರಿಟಿಷ್ ಸಾಲಿನ ಮುಂದಿದ್ದ ಜೌಗಿನಲ್ಲಿ. ಎರಡು ಮೂರು ಸವಾರರನ್ನಾದರೂ ಕೆಸರಿನಲ್ಲಿ ನಿಲ್ಲಿಸಿ. ತಳದ ಮೇಲೆ ಎಂ-ಸೀಲನ್ನು 2 ಮಿ.ಮೀ. ಹರಡಿ, ಅದೇ ಕುದುರೆಯ ಗೊರಸು ಒದ್ದೆಮಾಡಿ ನಾಲ್ಕೈದು ಕಡೆ ಒತ್ತಿ ತೆಗೆಯಿರಿ. ಗಟ್ಟಿಯಾದ ಮೇಲೆ ಕಡುಕಂದು ಬಣ್ಣ, ಉಬ್ಬಿದಲ್ಲಿ ಸ್ವಲ್ಪ ತಿಳಿಗಂದು. ಗೊರಸಿನ ಗುಂಡಿಗಳಿಗೆ ಗ್ಲಾಸ್ ವಾರ್ನಿಶ್ ಮೂರು ನಾಲ್ಕು ಕೈ ಬಿಟ್ಟರೆ ನಿಂತ ನೀರು ಬಂತು. ನೀರಿಗೆ ಫೆವಿಕಾಲ್ ಸುರಿಯುವವರಿದ್ದಾರೆ. ಬೇಸಿಗೆಯಲ್ಲಿ ಚೆಂದ, ಮಳೆಗಾಲದ ತೇವ ಹೀರಿ ಮತ್ತೆ ಹಾಲಾಗುತ್ತದೆ. ಕಂದು ಬಣ್ಣಕ್ಕೆ ಚಿಟಿಕೆ ಟಾಲ್ಕಂ ಪುಡಿ ಸೇರಿಸಿ, ಸ್ಪಂಜಿನ ಚೂರಿನಿಂದ ಕುದುರೆಯ ಮೊಣಕಾಲಿನವರೆಗೆ ತಟ್ಟಿ. ಹೊಟ್ಟೆಯ ಕೆಳಗೂ ಒಂದೆರಡು ಹನಿ ಇರಲಿ. ಸವಾರನ ಮುಂಡಾಸಿಗೆ ಮಾತ್ರ ಕೆಸರು ಬೇಡ, ಅಷ್ಟು ಕಷ್ಟಪಟ್ಟು ಸುತ್ತಿದ್ದೀರಿ.

ಗೊಂಬೆಯ ತಳಕ್ಕೆ ಸಮುದ್ರದ ಮರಳು ಹಾಕಬಹುದೆ? — ಓದುಗರು, ವಾಸ್ಕೊ

ಹಾಗೇ ಹಾಕಿದರೆ ಅದರಲ್ಲಿನ ಉಪ್ಪು ತೇವ ಎಳೆದು ಬಣ್ಣ ಹಕ್ಕಳೆ ಏಳುತ್ತದೆ. ನಾಲ್ಕು ಸಲ ಸಿಹಿನೀರಲ್ಲಿ ತೊಳೆದು, ಹಳೆಯ ಬಾಣಲೆಯಲ್ಲಿ ಹುರಿದು, ಚಹಾ ಜಾಲರಿಯಲ್ಲಿ ಸೋಸಿ. ಈ ಅಳತೆಯಲ್ಲಿ ಗೊಂಬೆ ನಿಜ ಮನುಷ್ಯನ ಸುಮಾರು ಅರವತ್ತನೇ ಒಂದು ಪಾಲು. 1 ಮಿ.ಮೀ. ಕಣ ಎಂದರೆ ಮುಷ್ಟಿಗಾತ್ರದ ಕಲ್ಲು! ಫೆವಿಕಾಲ್ ಮತ್ತು ನೀರು ಸಮಸಮ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಮರಳು ಅಂಟಿದ ಮೇಲೆ ಇದೇ ಮಿಶ್ರಣ ಮೇಲಿನಿಂದಲೂ ಒಂದು ಕೈ. ಪೂರ್ತಿ ಒಣಗಿದ ಬಳಿಕ ಬಣ್ಣ. ಗೋವೆಯ ಮುರಕಲ್ಲಿನ ನೆಲ ಬೇಕಾದರೆ ಇಟ್ಟಿಗೆಗಂದು ಬಳಿದು, ಒಣ ಬ್ರಷ್‌ನಲ್ಲಿ ಕಿತ್ತಳೆ ತೀಡಿ, ಅಲ್ಲಲ್ಲಿ ಕಪ್ಪು ಹಚ್ಚಿ. ಮಳೆ ತಿಂದ ಮುರಕಲ್ಲು ಬರೀ ಕೆಂಪಗಿರುವುದಿಲ್ಲ. ಕಾಫಿ ಚರಟ ಹಾಕಬೇಡಿ, ಬೂಸ್ಟು ಬರುತ್ತದೆ.

ಆಯುಧ ಬದಲಿಸಲು ಕೈಗೆ ಮ್ಯಾಗ್ನೆಟ್ ಕೂರಿಸಿದೆ. ಅಂಟುವ ಬದಲು ತಳ್ಳುತ್ತಿದೆ. — ಓದುಗರು, ಮಾಟುಂಗಾ

ದಿಕ್ಕು ತಿರುಗಿದೆ. ಭುಜದಲ್ಲಿ ಒಂದನ್ನು ಕೂರಿಸಿ, ಅಂಟು ಒಣಗಿದ ಮೇಲೆ ಎರಡನೆಯದನ್ನು ಅದರ ಮೇಲೆ ಬಿಡಿ, ತಾನಾಗಿ ಸರಿ ಮುಖ ಹುಡುಕಿಕೊಂಡು ಕೂರುತ್ತದೆ. ಈಗ ಹೊರಗೆ ಕಾಣುವ ಮುಖಕ್ಕೆ ಮಾರ್ಕರ್ ಚುಕ್ಕೆ ಇಡಿ. ಕೈಯ ರಂಧ್ರದಲ್ಲಿ ಚುಕ್ಕೆ ಒಳಗೆ ಹೋಗಬೇಕು. 3×1 ಮಿ.ಮೀ. ಮ್ಯಾಗ್ನೆಟ್ ಸಾಕು. ಮೊದಲು 1 ಮಿ.ಮೀ., ಆಮೇಲೆ 2, ಆಮೇಲೆ 3 ಹೀಗೆ ಕೈಯಿಂದ ತಿರುಗಿಸಿ ಕೊರೆಯಿರಿ. ನೇರ 3ಕ್ಕೆ ಹೋದರೆ ಡ್ರಿಲ್ ಬಿಟ್ ಜಾರುತ್ತದೆ. ಸಣ್ಣ ಬಿಟ್‌ಗಳು ನಿಮಗೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಪುಣೆಯವರಿಗೆ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ, ಸರ್ಕ್ಯೂಟ್ ಬೋರ್ಡ್ ಕೊರೆಯುವವರ ಸಾಮಾನಿನ ಜೊತೆ ಸಿಗುತ್ತವೆ. ಒಳಗೆ ಒತ್ತಲು ಉಕ್ಕಿನ ಚಿಮುಟ ಬೇಡ, ಮ್ಯಾಗ್ನೆಟ್ ಅದಕ್ಕೇ ಅಂಟಿ ಅಂಟಿನ ಸಮೇತ ಹೊರಬರುತ್ತದೆ. ಊದುಬತ್ತಿಯ ಕಡ್ಡಿ ಸಾಕು. ಪ್ಲಾಸ್ಟಿಕ್ ಗೊಂಬೆ ಅಂಟಿಸುವ ಪ್ಲಾಸ್ಟಿಕ್ ಸಿಮೆಂಟ್ ಲೋಹವನ್ನು ಹಿಡಿಯದು, ಸೂಪರ್ ಗ್ಲೂ ಬೇಕು, ಅದೂ ಸೂಜಿಮೊನೆಯಷ್ಟು. ಹೆಚ್ಚಾದರೆ ಅದರ ಆವಿ ಸುತ್ತ ಬಿಳಿ ಪುಡಿಯಾಗಿ ಕೂರುತ್ತದೆ. ಪೊಲೀಸರು ಬೆರಳಚ್ಚು ಎಬ್ಬಿಸುವುದು ಇದೇ ಆವಿಯಿಂದ.

ಕಣ್ಣು ಬಿಡಿಸಲು ಎಷ್ಟನೇ ನಂಬರ್ ಬ್ರಷ್? — ಓದುಗರು, ಠಾಣೆ

ಮೊನೆ ಚೂಪಾಗಿರುವ 1 ಅಥವಾ 0. ಇನ್ನೂ ಸಣ್ಣದಾದ ಮೂರು ಸೊನ್ನೆಯದರಲ್ಲಿ (000) ನಿಲ್ಲುವ ಬಣ್ಣ ಎಷ್ಟು ಕಡಿಮೆಯೆಂದರೆ, ಕಣ್ಣಿಗೆ ತಾಗುವ ಮೊದಲೇ ಆರಿರುತ್ತದೆ. ಫ್ಯಾನ್ ನಿಲ್ಲಿಸಿ ಕೂರಿ.